ತಣ್ಣೀರಿನ ಒಂದು ನಿಮಿಷ, ಮರುನಿಮಿಷವೇ ಲೆಕ್ಕ: ಈ ಲೆಕ್ಕವನ್ನು ನಿಲ್ಲಿಸುವುದು ಹೇಗೆ?

ಕಿಟಕಿಪಕ್ಕ | ಸೋಮವಾರ, ಬೆಳಗಿನ ಜಾವ 3:40

ಬಹಳ ದಿನಗಳಿಂದ ಇಲ್ಲಿ ಬರಿದೇ ಓದುತ್ತಿದ್ದವನು, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 47. ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹರಡಿದೆ, ನಾಲ್ಕನೆಯ ಹಂತ. ವಾಸಿಯಾಗುವ ಮಾತನ್ನು ವೈದ್ಯರು ಎತ್ತುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಎರಡು ವಾರಕ್ಕೊಮ್ಮೆ ಕೀಮೋ. ಅದರ ಜೊತೆ ಕೊಡುವ ಸ್ಟೀರಾಯ್ಡ್‌ನಿಂದ ನಿದ್ದೆ ಹಾರಿಹೋಗುತ್ತದೆ, ಹಾಗಾಗಿ ಈ ಹೊತ್ತಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನನಗೆ ಹಾಕುವ ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಎಂಬುದೊಂದಿದೆ. ಅದು ಮೈ ಸೇರಿದ ಮೇಲೆ ಕೆಲವು ದಿನ ತಣ್ಣಗಿರುವ ಏನನ್ನೂ ಮುಟ್ಟುವ ಹಾಗಿಲ್ಲ. ಬಾಗಿಲಿನ ಚಿಲಕ ಹಿಡಿದರೆ ಬೆರಳ ತುದಿಗೆ ಸೂಜಿ ಚುಚ್ಚಿದಂತಾಗುತ್ತದೆ. ತಣ್ಣೀರು ಒಂದು ಗುಟುಕು ಕುಡಿದರೆ ಗಂಟಲು ಮುಚ್ಚಿಯೇ ಹೋಯಿತು ಎನ್ನಿಸುತ್ತದೆ. ಕುಡಿಯುವುದಕ್ಕೂ ಕೈ ತೊಳೆಯುವುದಕ್ಕೂ ಉಗುರುಬೆಚ್ಚಗಿನ ನೀರೇ ಆಗಬೇಕು.

ಹಿಂದಿನ ಸುತ್ತಿನ ಒಂಬತ್ತನೆಯ ದಿನ ಬೆಳಿಗ್ಗೆ ಮರೆತು ನಲ್ಲಿಯ ಕೆಳಗೆ ಕೈ ಒಡ್ಡಿದೆ. ಒಡ್ಡಿದ ಮೇಲೆ ನೆನಪಾಯಿತು. ಹಲ್ಲು ಕಚ್ಚಿ ಕಾದೆ. ಚುಚ್ಚಲಿಲ್ಲ. ಬರೀ ತಂಪು. ನೀರು ಅಂಗೈ ತುಂಬಿ, ಬೆರಳುಗಳ ಸಂದಿನಿಂದ ಸೋರಿ, ಮಣಿಕಟ್ಟಿನ ಮೇಲೆ ಹರಿಯಿತು. ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟೆ. ಎಷ್ಟೋ ತಿಂಗಳ ನಂತರ ಬಂದ ನಗು.

ಅಷ್ಟರಲ್ಲೇ ತಲೆ ಲೆಕ್ಕಕ್ಕಿಳಿಯಿತು. ಇನ್ನು ಎಷ್ಟು ಸುತ್ತು? ಅಂದರೆ ಇಂಥ ಒಂಬತ್ತನೆಯ ದಿನಗಳು ಎಷ್ಟು? ನಾಲ್ಕೋ, ಆರೋ? ಸಂತೋಷ ನಿಂತಲ್ಲೇ ಬತ್ತಿತು. ತಿರುಗಿ ನೋಡಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಇಷ್ಟೆಲ್ಲ ಆಗಿರುವಾಗ ಇವರಿಗೆ ನಗುವಾದರೂ ಹೇಗೆ ಬರುತ್ತದೆ ಎಂದು ಆ ಮುಖ ಕೇಳುತ್ತಿರುವಂತೆ ಕಂಡಿತು. ನಲ್ಲಿ ನಿಲ್ಲಿಸಿ ಒಳಗೆ ಹೋದೆ.

ನನ್ನ ಪ್ರಶ್ನೆ ಎರಡು. ಈ ಸಂತೋಷ ನಿಜವೋ, ಅಥವಾ ಸಾವಿನ ಕಡೆ ನೋಡದಿರಲೆಂದು ಮನಸ್ಸು ಹೂಡುವ ಆಟವೋ? ನಿಜವಾದರೆ, ಅದು ಇರುವಷ್ಟು ಹೊತ್ತಾದರೂ ಲೆಕ್ಕ ಹಾಕದೆ ಇರುವುದು ಹೇಗೆ?

ನೀಲಿಕೈಗವಸು | ಸೋಮವಾರ 6:05

ಅದೇ ಔಷಧ, ಹನ್ನೆರಡು ಸುತ್ತು ಮುಗಿಸಿದ್ದೇನೆ. ಫ್ರಿಡ್ಜ್ ಬಾಗಿಲು ತೆಗೆಯುವುದಕ್ಕೆ ಕೈಗವಸು ಹಾಕಿಕೊಳ್ಳುತ್ತಿದ್ದೆ. ಆ ನಲ್ಲಿಯ ನೀರು ಎಂಥದ್ದೆಂದು ನನಗೆ ಗೊತ್ತು. ಆಟವಲ್ಲ ಅದು.

ಹೊಸಬೆಳಕು | ಸೋಮವಾರ 7:30

ಅಣ್ಣ, ಧೈರ್ಯ ಕಳೆದುಕೊಳ್ಳಬೇಡಿ. ಎಲ್ಲವೂ ಮನಸ್ಸಿನಲ್ಲಿದೆ. ನೀವು ಈಗ ಇರುವುದು ನಿರಾಕರಣೆಯ ಹಂತದಲ್ಲಿ. ಮುಂದೆ ಕೋಪ, ಚೌಕಾಸಿ, ಖಿನ್ನತೆ ಇವನ್ನೆಲ್ಲ ದಾಟಿ ಕೊನೆಗೆ ಒಪ್ಪಿಗೆ ಬರುತ್ತದೆ. ಒಪ್ಪಿಕೊಂಡ ಮೇಲೆ ಭಯವೇ ಇರುವುದಿಲ್ಲ. ಅಲ್ಲಿಯವರೆಗೆ ಕೆಟ್ಟ ಯೋಚನೆಗೆ ಮನಸ್ಸಿನಲ್ಲಿ ಜಾಗ ಕೊಡಬೇಡಿ. ಪ್ರತಿ ಕ್ಷಣವನ್ನೂ ಹಬ್ಬದಂತೆ ಕಳೆಯಿರಿ.

ಕಿರಿಮಗಳು | ಸೋಮವಾರ 8:15

ಕೆಟ್ಟ ಯೋಚನೆಗೆ ಜಾಗ ಕೊಡಬೇಡಿ ಎಂಬ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ನನ್ನ ಅಮ್ಮನಿಗೆ ಎಲ್ಲರೂ ಇದನ್ನೇ ಹೇಳಿದರು. ಯಾರಾದರೂ ನೋಡಲು ಬರುತ್ತಾರೆ ಎಂದರೆ ಅಮ್ಮ ಎದ್ದು ಕುಳಿತು, ಇದ್ದ ನಾಲ್ಕು ಕೂದಲನ್ನೇ ಬಾಚಿ, ನಗುಮುಖ ಮಾಡಿಕೊಳ್ಳುತ್ತಿದ್ದಳು. ಅವರು ಹೊರಟ ಕೂಡಲೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬಂದವರು ಮಾತ್ರ ಎಷ್ಟು ಗಟ್ಟಿ ಹೆಂಗಸು ಎಂದು ಹೊಗಳಿ ಹೋಗುತ್ತಿದ್ದರು.

ಒಂದು ರಾತ್ರಿ ನನ್ನ ಕೈ ಹಿಡಿದು "ನನಗೆ ತುಂಬಾ..." ಎಂದು ಶುರು ಮಾಡಿದಳು. ನಾನು "ಏನೂ ಆಗುವುದಿಲ್ಲ ಅಮ್ಮ, ಮಲಗು" ಎಂದೆ. ಆ ವಾಕ್ಯ ಮುಗಿಯಲೇ ಇಲ್ಲ. ಐದು ವರ್ಷವಾಯಿತು, ಅದನ್ನು ನಾನೇ ಮುಗಿಸಲು ನೋಡುತ್ತಿದ್ದೇನೆ. ತುಂಬಾ ಭಯವಾಗುತ್ತಿದೆ? ತುಂಬಾ ನೋವು? ತುಂಬಾ ಬಾಯಾರಿಕೆ ಎಂದಿದ್ದರೂ ಎದ್ದು ನೀರು ಕೊಡಬಹುದಿತ್ತು.

ಕಿಟಕಿಪಕ್ಕ ಅವರೇ, ನಿಮ್ಮ ಹೆಂಡತಿಯ ಮುಖ ಏನು ಕೇಳುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಅವರನ್ನು ಕೇಳಿದ್ದೀರಾ?

ಓದುವಮೇಜು | ಸೋಮವಾರ 9:50

ಮನೋವಿಜ್ಞಾನ ಓದುತ್ತಿದ್ದೇನೆ, ಒಂದು ತಿದ್ದುಪಡಿ. ಐದು ಹಂತಗಳ ಮಾತು ಮನೋವೈದ್ಯೆ ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಮುಂದಿಟ್ಟದ್ದು. ಸಾವಿನಂಚಿನಲ್ಲಿದ್ದ ರೋಗಿಗಳ ಜೊತೆ ಕುಳಿತು ಮಾತನಾಡಿ ಅವರು ಕಂಡುಕೊಂಡದ್ದು ಅದು. ಆಗ ಹೆಚ್ಚಿನ ವೈದ್ಯರು ರೋಗಿಯ ಎದುರು ಸಾವಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅಂಥ ಕಾಲದಲ್ಲಿ ನೀವು ಮಾತನಾಡಿ, ನಾನು ಕೇಳುತ್ತೇನೆ ಎಂದು ಕುಳಿತದ್ದೇ ದೊಡ್ಡ ಕೆಲಸ. ಆದರೆ ಅದು ಒಂದೊಂದೇ ಹತ್ತಿ ಮೇಲೆ ಹೋಗುವ ಏಣಿಯಲ್ಲ, ಎಲ್ಲರೂ ಅದೇ ಕ್ರಮದಲ್ಲಿ ಸಾಗುವುದಿಲ್ಲ ಎಂದು ಅವರೇ ಮುಂದೆ ಸ್ಪಷ್ಟಪಡಿಸಿದರು. ಒಬ್ಬರ ನಗುವನ್ನು ನೋಡಿ ನೀವು ಮೊದಲನೆಯ ಮೆಟ್ಟಿಲಲ್ಲಿದ್ದೀರಿ ಎನ್ನುವುದು ಅನ್ಯಾಯ.

ಲೆಕ್ಕದ ವಿಷಯಕ್ಕೆ ಬಂದರೆ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು 2,250 ಜನರ ಮೊಬೈಲ್‌ಗೆ ಆಗಾಗ ಪ್ರಶ್ನೆ ಕಳುಹಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ? ಸುಮಾರು ಶೇಕಡ 47ರಷ್ಟು ಉತ್ತರಗಳಲ್ಲಿ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಬೇರೆಡೆ ಇದ್ದಾಗ ಜನ ಕಡಿಮೆ ಸಂತೋಷದಲ್ಲಿದ್ದರು. ಹಿತವಾದ ವಿಷಯಕ್ಕೆ ಹೋಗಿದ್ದರೂ ಕೈಯಲ್ಲಿದ್ದ ಕೆಲಸದಲ್ಲೇ ಇದ್ದವರಿಗಿಂತ ಹೆಚ್ಚು ಸುಖವೇನೂ ಕಾಣಲಿಲ್ಲ. ಅಂದರೆ ಲೆಕ್ಕ ಹಾಕುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ, ಮನಸ್ಸು ಇರುವುದೇ ಹಾಗೆ.

ಕಿಟಕಿಪಕ್ಕ | ಸೋಮವಾರ 11:20

ಕಿರಿಮಗಳು, ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಓದುವಮೇಜು, ನೀವು ಹೇಳಿದ್ದು ಅರ್ಥವಾಯಿತು. ಆದರೆ "ಈಗ"ದಲ್ಲಿ ಇರಿ ಎಂದು ಯಾರಾದರೂ ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ನಿನ್ನೆ ನನ್ನ ಈಗ ಎಂದರೆ ಬಕೆಟ್ ಹಿಡಿದು ವಾಂತಿ ಮಾಡುವುದು. ಅದರೊಳಗೆ ಇದ್ದು ಏನು ಮಾಡಲಿ?

ನಾಲ್ಕುಗಂಟೆ | ಸೋಮವಾರ 12:10

ಇದನ್ನು ನಾನೂ ಹೇಳಬೇಕೆಂದಿದ್ದೆ. ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಡಯಾಲಿಸಿಸ್. ಆರು ವರ್ಷವಾಯಿತು. ಆ ನಾಲ್ಕು ಗಂಟೆ ಮನಸ್ಸು ಹೊರಗೆ ಓಡಾಡುವುದರಿಂದಲೇ ಬದುಕಿದ್ದೇನೆ. ಚಿಕ್ಕವನಾಗಿದ್ದಾಗ ಈಜುತ್ತಿದ್ದ ಕೆರೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಮನಸ್ಸಿನಲ್ಲೇ ಈಜುತ್ತೇನೆ. ಎಷ್ಟು ಬಾರಿ ಕೈ ಬೀಸಿದರೆ ದಡ ಸಿಗುತ್ತದೆ ಎಂಬುದೂ ಗೊತ್ತು. ಅಧ್ಯಯನ ಏನೇ ಹೇಳಲಿ, ಯಂತ್ರದ ಎದುರು ಕುಳಿತವನಿಗೆ ಅಲೆಯುವ ಮನಸ್ಸು ಶತ್ರುವಲ್ಲ.

ಇನ್ನೊಂದು ಮಾತು. ನಿಮಗೆ ತಣ್ಣಗಿರುವುದು ಮುಟ್ಟಬಾರದು. ನನಗೆ ನೀರೇ ಅಳತೆಯಲ್ಲಿ. ಮೂತ್ರಪಿಂಡ ಕೆಲಸ ಮಾಡದ ಕಾರಣ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ಬೇಸಿಗೆಯ ಮಧ್ಯಾಹ್ನ ಒಂದು ಚೂರು ಮಂಜುಗಡ್ಡೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿಕೊಳ್ಳುತ್ತೇನೆ. ಮೊದಲು ನಾಲಿಗೆಗೆ ಅಂಟುತ್ತದೆ, ಆಮೇಲೆ ಜಾರತೊಡಗುತ್ತದೆ, ಕೊನೆಗೆ ಅಂಚು ಮೊಂಡಾಗಿ ತೆಳ್ಳಗಾಗುತ್ತದೆ. ಕರಗುವವರೆಗೆ ಬೇರೇನೂ ಮಾಡುವುದಿಲ್ಲ. ಕರಗುತ್ತಿದೆಯಲ್ಲ ಎಂಬ ದುಃಖವೂ ಆಗ ಇರುವುದಿಲ್ಲ. ಕರಗದೇ ಇದ್ದರೆ ಅದರಿಂದ ನನಗೇನು ಸಿಗುತ್ತಿತ್ತು?

ರಾತ್ರಿಪಾಳಿ | ಸೋಮವಾರ 16:45

ಉಪಶಾಮಕ ಆರೈಕೆಯ, ಅಂದರೆ ರೋಗಿಯ ನೋವು, ಸಂಕಟ ತಗ್ಗಿಸುವ ಆರೈಕೆಯ ವಾರ್ಡಿನಲ್ಲಿ ಹದಿನೇಳು ವರ್ಷದಿಂದ ದಾದಿಯಾಗಿದ್ದೇನೆ. ಎಲ್ಲರೂ ಮನಸ್ಸಿನ ಮಾತನ್ನೇ ಆಡುತ್ತಿದ್ದೀರಿ, ನಾನು ಮೈಯಿಂದ ಶುರು ಮಾಡುತ್ತೇನೆ. ಕಿಟಕಿಪಕ್ಕ ಅವರೇ, ನೋವು ಹತೋಟಿಯಲ್ಲಿದೆಯೇ? ನಿನ್ನೆಯ ವಾಂತಿಯ ವಿಷಯ ವೈದ್ಯರಿಗೆ ತಿಳಿಸಿದ್ದೀರಾ? ವಾಕರಿಕೆಗೆ ಒಂದು ಮಾತ್ರೆ ಹಿಡಿಸದಿದ್ದರೆ ಬೇರೆ ಬಗೆಯವು ಇವೆ, ಬದಲಿಸಿ ನೋಡಬಹುದು. ಮಲವಿಸರ್ಜನೆ ಸರಿಯಾಗಿ ಆಗುತ್ತಿದೆಯೇ? ಮೂರು ದಿನ ಮಲಬದ್ಧತೆಯಿಂದ ಒದ್ದಾಡುತ್ತಿರುವವರಿಗೆ ಸೂರ್ಯೋದಯ ತೋರಿಸಿ ಪ್ರಯೋಜನವಿಲ್ಲ. ನಾನು ನೋಡಿರುವ ಹಾಗೆ ಚಿಕ್ಕಪುಟ್ಟ ಸಂತೋಷಗಳು ಮೈಯ ನೋವು ತಗ್ಗಿದ ಮೇಲೆ ತಾವಾಗಿಯೇ ಬರುತ್ತವೆ. ನೋವನ್ನು ಹಾಗೆಯೇ ಬಿಟ್ಟು ಸಂತೋಷವಾಗಿರಿ ಎನ್ನುವುದು ಕ್ರೌರ್ಯ.

ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆರೈಕೆ ಕೇಂದ್ರ) ತೆರೆದಾಗ ಹಿಡಿದ ದಾರಿ ಇದೇ. ರೋಗಿ ನರಳಿದ ಮೇಲೆ ಮಾರ್ಫಿನ್ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು, ನೋವು ಮರಳುವ ಮೊದಲೇ ಕೊಡುವುದು. ದೇಹದ ನೋವು, ಮನಸ್ಸಿನ ನೋವು, ಮನೆಯವರ ಚಿಂತೆ, ಬದುಕಿನ ಅರ್ಥದ ಪ್ರಶ್ನೆ ಇವನ್ನು ಬಿಡಿಸಿ ನೋಡಲಾಗದು ಎಂದು ಅವರು ಒಟ್ಟು ನೋವು ಎಂಬ ಮಾತನ್ನು ಬಳಕೆಗೆ ತಂದರು.

ಶ್ವಾಸಕೋಶದ ಕಾಯಿಲೆಯ ಹಿರಿಯರೊಬ್ಬರು ನಮ್ಮಲ್ಲಿದ್ದರು. ಉಸಿರಿಗಾಗಿ ಒದ್ದಾಡುತ್ತಿದ್ದರು. ಅಂಗೈಯಗಲದ ಬ್ಯಾಟರಿ ಫ್ಯಾನನ್ನು ಮುಖದ ಹತ್ತಿರ ಹಿಡಿದೆ. ಕೆನ್ನೆಗೆ, ಮೂಗಿನ ಸುತ್ತ ಗಾಳಿ ತಾಗಿದರೆ ಉಸಿರು ಸಿಗುತ್ತಿಲ್ಲ ಎಂಬ ಭಾವನೆ ತಗ್ಗುತ್ತದೆ, ಅದು ಪರೀಕ್ಷಿಸಿ ನೋಡಿದ ಉಪಾಯ. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ಮುಚ್ಚಿಯೇ "ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕಿತು" ಎಂದರು. ನಿಮ್ಮ ಹೆಸರು ನೋಡಿ ಅವರು ನೆನಪಾದರು.

ನೇರಮಾತು | ಸೋಮವಾರ 17:30

ಮಾರ್ಫಿನ್, ಹಾಸ್ಪಿಸ್ ಎಂದರೆ ಕೈ ಚೆಲ್ಲಿದಂತೆ. ಇನ್ನೂ ಚಿಕಿತ್ಸೆ ನಡೆಯುತ್ತಿರುವವರ ಎದುರು ಈ ಮಾತು ಬೇಕಿತ್ತೇ?

ರಾತ್ರಿಪಾಳಿ | ಸೋಮವಾರ 18:05

ಬೇಕಿತ್ತು. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೇ, ರೋಗ ಪತ್ತೆಯಾದ ಕೆಲವೇ ವಾರಗಳಲ್ಲಿ, ಉಪಶಾಮಕ ಆರೈಕೆ. ಎರಡನೆಯ ಗುಂಪಿನವರಲ್ಲಿ ಖಿನ್ನತೆ ಕಡಿಮೆ ಇತ್ತು, ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು. ಅಷ್ಟೇ ಅಲ್ಲ, ಬದುಕುಳಿದ ಅವಧಿಯ ಮಧ್ಯಾಂಕ 8.9 ತಿಂಗಳ ಬದಲು 11.6 ತಿಂಗಳಾಯಿತು. ಕೀಮೋ ಮತ್ತು ನಮ್ಮ ಆರೈಕೆ ಒಟ್ಟಿಗೇ ನಡೆಯಬಹುದು. ಕೈ ಚೆಲ್ಲಿದವರು ಮಾತ್ರ ನಮ್ಮಲ್ಲಿಗೆ ಬರಬೇಕು ಎಂಬ ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಸುಮ್ಮನೆ ನೋವು ತಿಂದು ಹೋಗಿದ್ದಾರೆ. ನನಗೆ ಅದರ ಸಂಕಟವಿದೆ.

ಲೆಕ್ಕದಮೇಷ್ಟ್ರು | ಸೋಮವಾರ 20:15

ಮಧ್ಯಾಂಕ ಎಂಬ ಪದ ಬಂದದ್ದರಿಂದ ಬಾಯಿ ಹಾಕುತ್ತಿದ್ದೇನೆ. ಕಿಟಕಿಪಕ್ಕ ಅವರೇ, ನಾಲ್ಕೋ ಆರೋ ಎಂದಿರಿ. ಆ ಸಂಖ್ಯೆ ಎಲ್ಲಿಂದ ಬಂತು? ಯಾವುದೋ ಮಧ್ಯಾಂಕದಿಂದ ಬಂದಿರಬೇಕು ಎಂದು ನನ್ನ ಊಹೆ. ಮಧ್ಯಾಂಕ ಎಂಟು ತಿಂಗಳು ಎಂದರೆ ಅರ್ಧ ಜನ ಅದಕ್ಕಿಂತ ಮೊದಲು ಹೋದರು, ಇನ್ನರ್ಧ ಜನ ಅದನ್ನು ದಾಟಿದರು ಎಂದಷ್ಟೇ ಅರ್ಥ. ದಾಟಿದವರು ಎಷ್ಟು ದೂರ ಹೋದರು ಎಂಬುದನ್ನು ಅದು ಹೇಳುವುದಿಲ್ಲ. ಯಾರು ಎಷ್ಟು ತಿಂಗಳು ಬದುಕಿದರು ಎಂದು ರೇಖೆ ಎಳೆದರೆ ಎಡಗಡೆ ಸೊನ್ನೆಯ ಗೋಡೆ ಇದೆ, ಬಲಗಡೆ ಬಾಲ ಉದ್ದವಾಗಿ ಚಾಚಿರುತ್ತದೆ.

ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಆಗಿನ ಮಧ್ಯಾಂಕ ಎಂಟೇ ತಿಂಗಳು. ಅವರು ತೀರಿಕೊಂಡದ್ದು 2002ರಲ್ಲಿ, ಅದೂ ಬೇರೆ ಕ್ಯಾನ್ಸರ್‌ನಿಂದ.

ನೇರಮಾತು | ಸೋಮವಾರ 20:40

ಮೇಷ್ಟ್ರೇ, ಇದು ಸುಳ್ಳು ಆಸೆ ಹುಟ್ಟಿಸುವ ಮಾತು. ಗೂಲ್ಡ್ ಲಕ್ಷಕ್ಕೊಬ್ಬರು. ನನ್ನ ಅಣ್ಣನಿಗೂ ಹೀಗೆಯೇ ಬಾಲದ ಕಥೆ ಹೇಳಿದರು. ಅವನು ಹೇಳಿದ್ದಕ್ಕಿಂತ ಮೊದಲೇ ಹೋದ. ಆ ಆಸೆಯಲ್ಲಿ ಯಾರಿಗೂ ಸರಿಯಾಗಿ ವಿದಾಯ ಹೇಳಲಿಲ್ಲ.

ಲೆಕ್ಕದಮೇಷ್ಟ್ರು | ಸೋಮವಾರ 21:10

ನಿಮ್ಮ ಅಣ್ಣನ ವಿಷಯ ಕೇಳಿ ದುಃಖವಾಯಿತು. ನೀವು ಹೇಳಿದ ಎಚ್ಚರಿಕೆಯನ್ನು ಒಪ್ಪುತ್ತೇನೆ. ಬಾಲದ ತುದಿಯಲ್ಲಿ ನೀವಿರುತ್ತೀರಿ ಎಂದು ನಾನು ಯಾರಿಗೂ ಹೇಳಲಾರೆ. ನಾಲ್ಕು ಎಂದೂ ಹೇಳಲಾರೆ. ತಲೆ ಮಾಡುತ್ತಿರುವುದು ಲೆಕ್ಕವೆಂದು ಕಿಟಕಿಪಕ್ಕ ಅವರು ಅಂದುಕೊಂಡಿದ್ದಾರೆ, ಅದು ಭಯ. ಭಯಕ್ಕೆ ಸಂಖ್ಯೆಯ ವೇಷ ಹಾಕಿದರೆ ಅದು ಸತ್ಯದಂತೆ ಕಾಣುತ್ತದೆ. ನಾನು ಆಕ್ಷೇಪಿಸುತ್ತಿರುವುದು ಆ ವೇಷಕ್ಕೆ.

ನೇರಮಾತು | ಸೋಮವಾರ 21:25

ಅಷ್ಟಾದರೆ ಸರಿ. ಆದರೆ ವಿದಾಯ ಹೇಳುವುದನ್ನು ಮುಂದಕ್ಕೆ ಹಾಕಬೇಡಿ, ಯಾರೇ ಆಗಲಿ.

ಎಂಬತ್ತೊಂದರಅಜ್ಜಿ | ಮಂಗಳವಾರ 5:30

ಮೊಮ್ಮಗಳು ಟೈಪ್ ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ, ನಿಧಾನವಾಗಿ ಬರೆಯುತ್ತೇನೆ. ನನ್ನ ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಹೊರದೂಡುವುದು ಶೇಕಡ 25. ಆರೋಗ್ಯವಾಗಿದ್ದರೆ 55ಕ್ಕಿಂತ ಮೇಲಿರಬೇಕಂತೆ. ಯಾವ ರಾತ್ರಿ ಬೇಕಾದರೂ ನಿಲ್ಲಬಹುದು.

ಪ್ರತಿ ಕ್ಷಣವನ್ನೂ ಹಬ್ಬದಂತೆ ಕಳೆಯಿರಿ ಎಂದು ಒಬ್ಬರು ಬರೆದಿದ್ದಾರೆ. ಮಗೂ, ಹಬ್ಬ ಎಂದರೆ ದಣಿವು. ನನಗೆ ಇರುವ ಹಗಲನ್ನು ಪರೀಕ್ಷೆಯ ಕೊಠಡಿ ಮಾಡಬೇಡಿ. ನಿನ್ನೆ ಮಧ್ಯಾಹ್ನವೆಲ್ಲ ಗಂಟುಗಂಟಾಗಿದ್ದ ದಾರದ ಉಂಡೆಯೊಂದನ್ನು ಬಿಡಿಸುತ್ತಾ ಕುಳಿತಿದ್ದೆ. ಆ ದಾರ ಯಾವ ಕೆಲಸಕ್ಕೂ ಬೇಕಿಲ್ಲ. ಒಂದು ಗಂಟಿಗೆ ಉಗುರು ಹಾಕಿ ಎಳೆದರೆ ಬಿಗಿಯಾಯಿತು, ತಳ್ಳಿದರೆ ಸಡಿಲವಾಯಿತು. ಸಂಜೆಗೆ ಒಂದು ಮೊಳ ಬಿಡಿಸಿದ್ದೆ. ಹೊತ್ತು ವ್ಯರ್ಥವಾಯಿತು ಎಂದು ಸೊಸೆ ಮರುಗಿದಳು. ವ್ಯರ್ಥ ಮಾಡುವ ಹಕ್ಕು ನನಗೂ ಇರಲಿ. ಸಾಯುವವರು ಬೇಸರಪಟ್ಟುಕೊಳ್ಳಬಾರದೇ? ಸೋಮಾರಿಯಾಗಿ ಬಿದ್ದುಕೊಳ್ಳಬಾರದೇ? ಮೌಲ್ಯ ಕಟ್ಟುವುದನ್ನು ಬಿಟ್ಟ ದಿನವೇ ನನಗೆ ಸುಖವಾಗಿ ಹೋಗುತ್ತದೆ.

ನೀಲಿಕೈಗವಸು | ಮಂಗಳವಾರ 6:15

ಅಜ್ಜಿ, ತಳ್ಳಿದರೆ ಸಡಿಲವಾಯಿತು ಎಂಬುದನ್ನು ಬರೆದಿಟ್ಟುಕೊಂಡೆ.

ನಡುರಾತ್ರಿಯೆಚ್ಚರ | ಮಂಗಳವಾರ 6:50

ನನಗೆ 29, ಯಾವ ಕಾಯಿಲೆಯೂ ಇಲ್ಲ. ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಒಂದು ದಿನ ನಾನು ಇರುವುದಿಲ್ಲ ಎಂಬುದು ಎದೆಯ ಮೇಲೆ ಕೂರುತ್ತದೆ. ಇಲ್ಲಿ ನಿಜವಾದ ಕಷ್ಟ ಇರುವವರ ನಡುವೆ ಇದನ್ನು ಹೇಳಲು ನಾಚಿಕೆಯಾಗುತ್ತದೆ. ಸಾವು ಬಂದಾಗ ನಾವಿರುವುದಿಲ್ಲ, ನಾವಿರುವಾಗ ಸಾವಿರುವುದಿಲ್ಲ ಎಂದು ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದನಂತೆ. ವಾದ ಸರಿಯಾಗಿದೆ, ಎದೆಯ ಬಡಿತ ಮಾತ್ರ ನಿಲ್ಲುವುದಿಲ್ಲ.

ನಾಲ್ಕುಗಂಟೆ | ಮಂಗಳವಾರ 7:20

ನಾಚಿಕೆ ಬೇಡ ತಮ್ಮಾ. ಈ ಸಾಲಿನಲ್ಲಿ ಎಲ್ಲರೂ ನಿಂತಿದ್ದೇವೆ. ಎಚ್ಚರವಾದಾಗ ವಾದ ಮಾಡಬೇಡ. ಎದ್ದು ಪಾದವನ್ನು ನೆಲಕ್ಕೆ ಊರಿ, ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ನೋಡು. ಹೆದರಿದ ಮೈಗೆ ತರ್ಕ ಕೇಳಿಸುವುದಿಲ್ಲ, ನೆಲ ಕೇಳಿಸುತ್ತದೆ. ಆದರೂ ವಾರಗಟ್ಟಲೆ ಹೀಗೇ ನಿದ್ದೆ ಕೆಟ್ಟರೆ ವೈದ್ಯರ ಬಳಿ ಮಾತನಾಡು.

ಓದುವಮೇಜು | ಮಂಗಳವಾರ 8:30

ಅಜ್ಜಿಯ ಮಾತಿಗೆ ಒಂದು ಸೇರಿಕೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಇದನ್ನೇ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಮುಂದೆ ಕಾಲ ಕಡಿಮೆ ಇದೆ ಎಂದು ಅನ್ನಿಸಿದವರು ಹೊಸ ಪರಿಚಯ, ದೂರದ ಗುರಿ ಇವನ್ನು ಬಿಟ್ಟು ಹತ್ತಿರದ ನಾಲ್ಕು ಜನ, ಮನಸ್ಸಿಗೆ ಹಿತವಾದದ್ದು ಇಷ್ಟಕ್ಕೇ ಒಲಿಯುತ್ತಾರೆ. ಇದು ಮುದುಕರಿಗಷ್ಟೇ ಅಲ್ಲ, ದೊಡ್ಡ ಕಾಯಿಲೆಯ ಎಳೆಯರಲ್ಲೂ ಕಾಣುತ್ತದೆ. ಹಾಗಾಗಿ ನಲ್ಲಿಯ ನೀರಿಗೆ ಬಂದ ನಗು ತಪ್ಪಿಸಿಕೊಳ್ಳುವ ಆಟವಲ್ಲ, ಕಾಲ ಕಿರಿದಾಗಿದೆ ಎಂದು ತಿಳಿದುಕೊಂಡವರ ನಗು ಎಂದು ನನಗನ್ನಿಸುತ್ತದೆ.

ಉಳಿದವಿಡಿಯೋ | ಮಂಗಳವಾರ 9:10

ಇಂಥ ಗಳಿಗೆಗಳನ್ನು ಮೊಬೈಲಿನಲ್ಲಿ ಹಿಡಿದಿಡಿ ಎಂದು ಹೇಳಲು ಬಂದೆ.

ಓದುವಮೇಜು | ಮಂಗಳವಾರ 9:25

ಅದರಲ್ಲೊಂದು ತೊಡಕಿದೆ. ಲಿಂಡಾ ಹೆಂಕೆಲ್ ಎಂಬವರು ವಸ್ತುಸಂಗ್ರಹಾಲಯದಲ್ಲಿ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಫೋಟೋ ತೆಗೆದ ವಸ್ತುಗಳಿಗಿಂತ ಬರಿಗಣ್ಣಿನಲ್ಲಿ ನೋಡಿದ ವಸ್ತುಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು.

ಉಳಿದವಿಡಿಯೋ | ಮಂಗಳವಾರ 9:50

ನೆನಪಿರಬಹುದು, ಹೋದವರಿಗಾಗಿ ಅಲ್ಲ, ಉಳಿದವರಿಗಾಗಿ ಹೇಳುತ್ತಿದ್ದೇನೆ. ನನ್ನ ಗಂಡನ ಸಾವಿರ ಫೋಟೋ ಇದ್ದವು, ಎಲ್ಲದರಲ್ಲೂ ಒಂದೇ ಭಂಗಿ. ನಾನು ದಿನಾ ನೋಡುವುದು ಹನ್ನೊಂದು ಸೆಕೆಂಡಿನ ಒಂದು ವಿಡಿಯೋ. ಟವೆಲ್ ಮಡಿಸುತ್ತಿದ್ದಾರೆ, ಗಲ್ಲದ ಕೆಳಗೆ ಒತ್ತಿ ಹಿಡಿದು ಎರಡೂ ಅಂಚು ಸೇರಿಸುತ್ತಾರೆ. ಯಾರೋ ಕೈ ತಪ್ಪಿ ಗುಂಡಿ ಒತ್ತಿದ್ದು ಅದು. ಹಾಗಾಗಿ ಮನೆಯವರು ತೆಗೆಯಲಿ, ಅನುಭವಿಸುವವರು ಅನುಭವಿಸಲಿ.

ಕಿರಿಮಗಳು | ಮಂಗಳವಾರ 10:05

ನನ್ನ ಬಳಿ ಅಮ್ಮನ ದನಿಯೂ ಇಲ್ಲ. ರಾತ್ರಿಪಾಳಿ ಅವರೇ, ಒಂದು ಕೇಳಬೇಕು. ಕೊನೆಯ ಎರಡು ದಿನ ಅಮ್ಮನಿಗೆ ಎಚ್ಚರವಿರಲಿಲ್ಲ. ಆಗ ನಾನು ತಪ್ಪಾಯಿತು ಎಂದು ಕಿವಿಯಲ್ಲಿ ಹೇಳಿದೆ. ಕೇಳಿಸಿರುತ್ತದೆಯೇ?

ರಾತ್ರಿಪಾಳಿ | ಮಂಗಳವಾರ 14:30

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೊನೆಯ ಗಳಿಗೆಗಳಲ್ಲಿ, ಪ್ರತಿಕ್ರಿಯಿಸುವುದನ್ನೇ ನಿಲ್ಲಿಸಿದ್ದ ಕೆಲವರ ಮೆದುಳು ಸದ್ದಿಗೆ ಆರೋಗ್ಯವಂತರ ಮೆದುಳಿನ ಹಾಗೆಯೇ ಸ್ಪಂದಿಸುತ್ತಿತ್ತು. ಮಾತಿನ ಅರ್ಥ ತಿಳಿಯುತ್ತಿತ್ತೇ ಎಂದು ಅದರಿಂದ ಹೇಳಲಾಗದು, ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಮಾತನಾಡುತ್ತಾ ಇರಿ ಎಂದೇ ಹೇಳುತ್ತೇವೆ. ನೀವು ಕಿವಿಯ ಹತ್ತಿರ ಬಾಗಿ ಹೇಳಿದಿರಿ. ಸರಿಯಾದದ್ದನ್ನೇ ಮಾಡಿದಿರಿ.

ಕಿರಿಮಗಳು | ಮಂಗಳವಾರ 14:40

ಧನ್ಯವಾದ. ಸ್ವಲ್ಪ ಹೊತ್ತು ಇಲ್ಲಿಗೆ ಬರುವುದಿಲ್ಲ.

ಕಿಟಕಿಪಕ್ಕ | ಬುಧವಾರ 9:15

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ವಾಕರಿಕೆಯ ಮಾತ್ರೆ ಬದಲಾಯಿಸಿ ಕೊಟ್ಟರು, ಸ್ವಲ್ಪ ಮೇಲು. ಇವತ್ತು ನಲ್ಲಿ ಮುಟ್ಟುವ ಹಾಗಿಲ್ಲ, ಮಲಗಿಯೇ ಇದ್ದೇನೆ. ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡೊಂದು ಎದುರು ಗೋಡೆಯ ಮೇಲಿದೆ. ಬೆಳಿಗ್ಗೆ ಸ್ವಿಚ್ ಬೋರ್ಡಿನ ಬಳಿ ಇತ್ತು, ಈಗ ಕ್ಯಾಲೆಂಡರ್‌ಗೆ ತಾಗಿದೆ. ಅದು ಸರಿಯುವುದನ್ನು ನೋಡಲು ಹೋದರೆ ಸರಿಯುವುದೇ ಇಲ್ಲ, ಬೇರೆ ಕಡೆ ನೋಡಿ ಬಂದರೆ ಸರಿದಿರುತ್ತದೆ.

ಲೆಕ್ಕದಮೇಷ್ಟ್ರು | ಬುಧವಾರ 9:40

ಸರಿಯುವುದನ್ನೂ ನೋಡಬಹುದು! ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಕಿಟಕಿಯಿಂದ ಗೋಡೆ ಮೂರು ಮೀಟರ್ ದೂರವಿದ್ದರೆ ಬಿಸಿಲಿನ ಅಂಚು ನಿಮಿಷಕ್ಕೆ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚೇ ಸರಿಯುತ್ತದೆ. ಅಂಚಿಗೆ ಪೆನ್ಸಿಲ್ ಗುರುತು ಹಾಕಿ ಆ ಗುರುತನ್ನೇ ನೋಡುತ್ತಿರಿ. ನಿಮ್ಮ ಎದುರು ಸರಿಯುತ್ತಿರುವುದು ಭೂಮಿ.

ನಾಲ್ಕುಗಂಟೆ | ಬುಧವಾರ 10:00

ಮರದ ಕೆಳಗೆ ಬೀಳುವ ಬಿಸಿಲಿನ ದುಂಡು ಬೊಟ್ಟುಗಳೂ ಹಾಗೇ ಸರಿಯುತ್ತವೆ. ಎಲೆಗಳ ಸಂದು ಅಡ್ಡಾದಿಡ್ಡಿಯಾಗಿದ್ದರೂ ಬೊಟ್ಟು ಮಾತ್ರ ಏಕೆ ದುಂಡಗಿರುತ್ತದೆ, ಮೇಷ್ಟ್ರೇ?

ಲೆಕ್ಕದಮೇಷ್ಟ್ರು | ಬುಧವಾರ 10:20

ಅವು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರದ ಕ್ಯಾಮೆರಾದ ಹಾಗೆ ಕೆಲಸ ಮಾಡುತ್ತದೆ. ಭಾಗಶಃ ಸೂರ್ಯಗ್ರಹಣದ ದಿನ ಮರದ ಕೆಳಗೆ ನೋಡಿ, ನೆಲದ ತುಂಬ ಕುಡುಗೋಲಿನಂಥ ಬೊಟ್ಟುಗಳಿರುತ್ತವೆ.

ನಡುರಾತ್ರಿಯೆಚ್ಚರ | ಬುಧವಾರ 10:30

ಇಷ್ಟು ವರ್ಷ ಸೂರ್ಯನನ್ನು ತುಳಿದುಕೊಂಡು ಓಡಾಡಿದ್ದೇನೆ ಎಂದಾಯಿತು. ಈಗಲೇ ಹೊರಗೆ ಹೋಗಿ ನೋಡುತ್ತೇನೆ.

ಹೊಸಬೆಳಕು | ಬುಧವಾರ 12:00

ಎರಡು ದಿನ ಸುಮ್ಮನಿದ್ದೆ. ಕಿರಿಮಗಳು ಅವರೇ, ನಿಮ್ಮ ಮಾತು ತಾಗಿತು, ನನ್ನದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಮಗನಿಗೆ ರಕ್ತದ ಕ್ಯಾನ್ಸರ್ ಇತ್ತು, ಈಗ ಆರಾಮವಾಗಿದ್ದಾನೆ. ಆ ಎರಡು ವರ್ಷ ನಾನು ನಿಂತದ್ದು ಇದೊಂದೇ ಮಾತಿನ ಮೇಲೆ, ಕೆಟ್ಟದ್ದನ್ನು ಯೋಚಿಸಬಾರದು ಎಂಬುದರ ಮೇಲೆ. ಅದು ನನಗೆ ಊರುಗೋಲಾಗಿತ್ತು. ಬೇರೆಯವರ ಕೈಗೂ ತುರುಕಿದೆ. ಅವನಿಗೆ ಆಗ ಹೆದರಿಕೆಯಾಗಿತ್ತೇ ಎಂದು ಇವತ್ತಿನವರೆಗೂ ಕೇಳಿಲ್ಲ.

ಎಂಬತ್ತೊಂದರಅಜ್ಜಿ | ಬುಧವಾರ 12:40

ಈಗ ಕೇಳು. ಊಟವಾದ ಮೇಲೆ ಕೇಳು, ಹಸಿದಿರುವಾಗ ಬೇಡ.

ಕಿಟಕಿಪಕ್ಕ | ಗುರುವಾರ 11:30

ಹೆಂಡತಿಯನ್ನು ಕೇಳಿದೆ. ಆ ದಿನ ನಲ್ಲಿಯ ಹತ್ತಿರ ನಿನ್ನ ಮುಖ ಏಕೆ ಹಾಗಿತ್ತು ಎಂದು. ಅವಳಿಗೆ ನಾನು ನಕ್ಕದ್ದು ಕೇಳಿಸಿಯೇ ಇರಲಿಲ್ಲ. "ನೀರಿನ ಸದ್ದು ನಿಲ್ಲಲೇ ಇಲ್ಲ. ನೀವು ಬಿದ್ದಿರಬೇಕು ಎಂದು ಓಡಿ ಬಂದೆ" ಎಂದಳು. ನನಗೆ ಮಾತೇ ಹೊರಡಲಿಲ್ಲ. ನಕ್ಕ ವಿಷಯ ಹೇಳಿದೆ, ಒಂಬತ್ತನೆಯ ದಿನದ ಲೆಕ್ಕವನ್ನೂ ಹೇಳಿದೆ. ತಾನೂ ಲೆಕ್ಕ ಹಾಕುತ್ತೇನೆ, ರಾತ್ರಿ ನನ್ನ ಉಸಿರು ಎಣಿಸುತ್ತೇನೆ ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಹೆದರಿಕೆಯಾಗುತ್ತದೆ ಎಂಬ ಪದವನ್ನು ನಾನು ಅವಳ ಎದುರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಆಮೇಲೆ ಬಿಸಿಲು ಗೋಡೆಗೆ ಬಂತು. ಮೇಷ್ಟ್ರು ಹೇಳಿದ್ದನ್ನು ಮಾಡೋಣ ಎಂದು ಪೆನ್ಸಿಲ್ ತಂದಳು. ಮೊದಲನೆಯ ಗುರುತಿನಲ್ಲೇ ಜಗಳ. ಬಿಸಿಲು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೇ ಕಷ್ಟ, ಅಂಚು ಮಸುಕು. ಅವಳು ಇಲ್ಲಿ ಎನ್ನುತ್ತಾಳೆ, ನಾನು ಇನ್ನೂ ಎರಡು ಬೆರಳು ಆಚೆ ಎನ್ನುತ್ತೇನೆ. ಕೊನೆಗೆ ಇಬ್ಬರದೂ ಗುರುತು ಹಾಕಿದೆವು. ಹತ್ತು ನಿಮಿಷಕ್ಕೆ ಅವಳ ಗುರುತಿನಿಂದ 14 ಸೆಂಟಿಮೀಟರ್, ನನ್ನದರಿಂದ 15. ಆ ಹತ್ತು ನಿಮಿಷ ಬೇರೆ ಯಾವ ಲೆಕ್ಕವೂ ತಲೆಗೆ ಬರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ. ನಾಳೆ ಬಂದರೂ ಬರಬಹುದು.

ಮೇಷ್ಟ್ರೇ, ನೀವು ಹೇಳಿದ್ದಕ್ಕಿಂತ ಹೆಚ್ಚಾಯಿತು. ಅಂಚು ಮಸುಕಾಗಿರುವುದೂ ಏಕೆ?

ಲೆಕ್ಕದಮೇಷ್ಟ್ರು | ಗುರುವಾರ 12:05

ಬಿಸಿಲು ಗೋಡೆಗೆ ಓರೆಯಾಗಿ ಬಿದ್ದರೆ ವೇಗ ಹೆಚ್ಚು, ನಿಮ್ಮ ಅಳತೆ ಸರಿಯಾಗಿಯೇ ಇದೆ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲವಾಗಿದ್ದಾನೆ. ಅವನ ಒಂದು ಅಂಚಿನ ಬೆಳಕು ಒಂದು ಕಡೆ ಮುಗಿಯುತ್ತದೆ, ಇನ್ನೊಂದು ಅಂಚಿನದು ಸ್ವಲ್ಪ ಆಚೆ. ಮೂರು ಮೀಟರ್ ದೂರಕ್ಕೆ ಆ ಮಸುಕು ಸುಮಾರು ಎರಡೂವರೆಯಿಂದ ಮೂರು ಸೆಂಟಿಮೀಟರ್. ನೀವೂ ಅವರೂ ಅದರ ಒಳಗೇ ಗುರುತು ಹಾಕಿದ್ದೀರಿ, ಹಾಗಾಗಿ ಇಬ್ಬರದೂ ಸರಿ.

ಕಿಟಕಿಪಕ್ಕ | ಗುರುವಾರ 12:20

ಅವಳಿಗೆ ಓದಿ ಹೇಳಿದೆ. ಒಪ್ಪುತ್ತಿಲ್ಲ. ನಾಳೆ ಅದೇ ಹೊತ್ತಿಗೆ ಮತ್ತೆ ಅಳೆಯಬೇಕಂತೆ.